ಅಪ್ಪನ ಯೆಜ್ಡಿ, ಚಿಕ್ಕಪ್ಪನ ಆರ್‌ಎಕ್ಸ್

ಈ ವರ್ಷದ ಸಂಚಿಕೆಗೆ ಒಂದು ಪ್ರಬಂಧ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಹೇಳಿದಾಗ, "ಯಾವ ವಿಷಯ, ಸಾರ್?" ಎಂದು ಕೇಳಿದೆ. "ನಿನಗೆ ಚೆನ್ನಾಗಿ ಗೊತ್ತಿರುವ ವಿಷಯ" ಎಂದರು. ಕೇಳುವುದಕ್ಕೆ ಇದು ಸುಲಭ. ಕುಳಿತು ಯೋಚಿಸಿದರೆ ಕಷ್ಟ. ಮೂರು ವರ್ಷದಿಂದ ಓದುತ್ತಿರುವ ಇತಿಹಾಸವೂ ಅರ್ಥಶಾಸ್ತ್ರವೂ ನನಗೆ ಚೆನ್ನಾಗಿ ಗೊತ್ತು ಎಂದು ಬರೆದರೆ ಆಯಾ ವಿಭಾಗದ ಅಧ್ಯಾಪಕರೇ ಮೊದಲು ನಕ್ಕಾರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ಪುಸ್ತಕದ ವಿಷಯಗಳೆಲ್ಲ ನನಗೆ ಈಚಿನ ಪರಿಚಯ. ಹುಟ್ಟಿದಂದಿನಿಂದ ಚೆನ್ನಾಗಿ ಬಲ್ಲ ವಿಷಯ ಯಾವುದೆಂದು ಹುಡುಕಿದಾಗ ಎರಡು ಶಬ್ದಗಳು ಕಿವಿಗೆ ಬಂದುವು. ಒಂದು ದಪ್ಪ ದನಿಯ 'ಡುಗು ಡುಗು ಡುಗು'; ಇನ್ನೊಂದು ತೆಳು ದನಿಯ 'ರ್ರೀಂ'. ಮೊದಲನೆಯದು ನಮ್ಮ ತಂದೆಯ ಯೆಜ್ಡಿ ರೋಡ್‌ಕಿಂಗ್. ಎರಡನೆಯದು ಚಿಕ್ಕಪ್ಪನ ಯಮಾಹಾ ಆರ್‌ಎಕ್ಸ್ 100.

ನಮ್ಮೂರು ಬಾಳ್ಳುಪೇಟೆ. ಆಲೂರಿಗೂ ಸಕಲೇಶಪುರಕ್ಕೂ ನಡುವೆ, ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದೆ. ಶನಿವಾರ ಬಂತೆಂದರೆ ಬೆಂಗಳೂರಿನ ದೊಡ್ಡ ದೊಡ್ಡ ಕಾರುಗಳು ಸಕಲೇಶಪುರದ ಕಡೆಗೆ ಸಾಲುಗಟ್ಟಿ ಹೋಗುತ್ತವೆ. ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರೊಂದು ಎಂದಾದರೊಮ್ಮೆ ಬಂದರೆ, ಟೀ ಅಂಗಡಿಯ ಮುಂದಿನ ಉಬ್ಬುತಗ್ಗಿನಲ್ಲಿ ಅದು ಬಸುರಿಯಂತೆ ಮೆಲ್ಲಮೆಲ್ಲನೆ ಕಾಲಿಡುವುದನ್ನು ನೋಡಲು ಊರಿನ ಹುಡುಗರೆಲ್ಲ ನಿಲ್ಲುತ್ತಾರೆ. ಆಗ ಚಿಕ್ಕಪ್ಪ, "ಇಷ್ಟು ದುಡ್ಡು ಕೊಟ್ಟು ಇಷ್ಟು ನಿಧಾನ ಹೋಗೋದಾದ್ರೆ ಎತ್ತಿನ ಗಾಡೀನೇ ವಾಸಿ" ಎನ್ನುವುದುಂಟು.

ಗ್ರಂಥಾಲಯದಲ್ಲಿ ಒಮ್ಮೆ ನಾನು ಹಳೆಯ ಎರಡು ಸ್ಪೋರ್ಟ್ಸ್ ಕಾರುಗಳನ್ನು ಹೋಲಿಸಿ ಬರೆದ ಲೇಖನವನ್ನು ಓದಿದೆ. ಒಂದು 1961ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಜಾಗ್ವಾರ್ ಇ-ಟೈಪ್: ಮುಂದೆ ಉದ್ದ ಮೂತಿ, ಅದರೊಳಗೆ 3.8 ಲೀಟರಿನ ಆರು ಸಿಲಿಂಡರಿನ ಎಂಜಿನು, ತಯಾರಕರ ಲೆಕ್ಕದಲ್ಲಿ 265 ಅಶ್ವಶಕ್ತಿ. ಇನ್ನೊಂದು 1964ರಿಂದ ಜರ್ಮನಿಯಲ್ಲಿ ತಯಾರಾದ ಪೋರ್ಷೆ 911: ಎಂಜಿನು ಹಿಂದೆ, ಎರಡು ಲೀಟರು, 130 ಅಶ್ವಶಕ್ತಿ, ತಣಿಸುವುದಕ್ಕೆ ನೀರಿಲ್ಲ, ಗಾಳಿಯೇ. ಲೇಖಕರು ಎರಡನ್ನೂ ಎಷ್ಟು ಪ್ರೀತಿಯಿಂದ ತೂಗಿದ್ದರೆಂದರೆ, ಓದಿ ಮುಗಿಸಿದಾಗ ನನಗೆ ಆ ಕಾರುಗಳ ಮೇಲೆ ಆಸೆ ಹುಟ್ಟಲಿಲ್ಲ. ನಮ್ಮ ಮನೆಯ ಎರಡು ಬಂಡಿಗಳನ್ನು ಯಾರೂ ಹೀಗೆ ತೂಗಿಲ್ಲವಲ್ಲ ಎಂಬ ಸಂಕಟ ಹುಟ್ಟಿತು. ಆ ಕೆಲಸವನ್ನು ಈಗ ನಾನೇ ಮಾಡುತ್ತೇನೆ.

ಮೊದಲು ಕುಲಗೋತ್ರ. ಯೆಜ್ಡಿ ನಮ್ಮ ಮೈಸೂರಿನ ಕೂಸು. ಅದರ ಮೂಲ ಚೆಕ್ ದೇಶದ ಜಾವಾ. ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದು, ತನ್ನ ಹೆಸರಿನ ಎರಡಕ್ಷರವನ್ನೂ ಅದರ ಹೆಸರಿನ ಎರಡಕ್ಷರವನ್ನೂ ಕೂಡಿಸಿ 'ಜಾವಾ' ಎಂದು ಕರೆದ. ಇರಾನಿ ಮನೆತನದವರು ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರಿಂದ ಬಂಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ರೋಡ್‌ಕಿಂಗ್ ಎಂಬುದು 1978ರಲ್ಲಿ ಹೊರಬಂದ ಮಾದರಿ. ಆರ್‌ಎಕ್ಸ್ 100 ಜಪಾನಿನ ವಂಶದ್ದು. 1985ರ ಕೊನೆಯಲ್ಲಿ ಎಸ್ಕಾರ್ಟ್ಸ್ ಕಂಪನಿಯವರು ಯಮಾಹಾದ ಜೊತೆ ಸೇರಿ ಉತ್ತರ ದೇಶದಲ್ಲಿ ತಯಾರಿಸಿದ್ದು. ಎರಡೂ ಎರಡು ಹೊಡೆತದ ಎಂಜಿನುಗಳು. ವಿಚಿತ್ರವೆಂದರೆ ಎರಡರ ಕಾಲವೂ ಮುಗಿದದ್ದು ಒಂದೇ ವರ್ಷ, 1996ರಲ್ಲಿ. ಹೊಗೆಯ ಮೇಲಿನ ಸರ್ಕಾರದ ನಿಯಮಗಳು ಬಿಗಿಯಾದುವು. ಕಡಿಮೆ ಪೆಟ್ರೋಲು ಕುಡಿಯುವ ನಾಲ್ಕು ಹೊಡೆತದ ಬಂಡಿಗಳು ಪೇಟೆಯನ್ನು ತುಂಬಿದುವು. ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಬಂಡಿಗಳ ಮೇಲೆ ಮರಳಿ ಬಂದಿವೆ. ಆದರೆ ಅವು ನಾಲ್ಕು ಹೊಡೆತದವು. ಅಪ್ಪ ಅವನ್ನು ನೋಡಿ, "ಹೆಸರು ಅಜ್ಜಂದು, ದನಿ ಮೊಮ್ಮಗಂದು" ಎಂದು ಸುಮ್ಮನಾದರು.

ನಮ್ಮ ತಂದೆ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಕಾಫಿ ತೋಟಗಳಿಗೆ ಹೋಗಿ ಪಂಪ್‌ಸೆಟ್ಟು ರಿಪೇರಿ ಮಾಡುವುದು ಅವರ ಕಸುಬು. ನಮ್ಮ ಕಡೆ ರೊಬಸ್ಟಾ ಗಿಡಕ್ಕೆ ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಬೀಳಬೇಕು. ಮಳೆ ಬಾರದಿದ್ದರೆ ಕೆರೆಯಿಂದಲೋ ಹಳ್ಳದಿಂದಲೋ ನೀರೆತ್ತಿ ತುಂತುರು ಹಾರಿಸಬೇಕು. ಆ ನಾಲ್ಕಾರು ವಾರ ಒಂದು ಎಂಜಿನು ಕೆಟ್ಟು ನಿಂತರೆ ಮುಂದಿನ ವರ್ಷದ ಬೆಳೆಯೇ ಹೋದಂತೆ. ಆದ್ದರಿಂದ ಅಪ್ಪನಿಗೆ ಬೇಕಾದದ್ದು ಸ್ಪ್ಯಾನರಿನ ಪೆಟ್ಟಿಗೆಯನ್ನೂ ಪಂಪಿನ ತಲೆಯನ್ನೂ ಹೇರಿಕೊಂಡು ಕಲ್ಲುದಾರಿಯನ್ನು ಹತ್ತುವ ಬಂಡಿ. 1999ರಲ್ಲಿ, ಎಂದರೆ ಕಾರ್ಖಾನೆ ಮುಚ್ಚಿ ಮೂರು ವರ್ಷವಾದ ಮೇಲೆ, ಅವರು 1988ರ ಒಂದು ರೋಡ್‌ಕಿಂಗ್ ಕೊಂಡರು. "ಮುಚ್ಚಿದ ಕಾರ್ಖಾನೆಯ ಬಂಡಿ ಯಾಕಪ್ಪ?" ಎಂದು ಊರಿನವರು ಕೇಳಿದರಂತೆ. "ಕಾರ್ಖಾನೆ ಮುಚ್ಚಿದೆ, ನನ್ನ ಕೈ ಮುಚ್ಚಿಲ್ಲ" ಎಂದರಂತೆ.

ಚಿಕ್ಕಪ್ಪನ ಕೆಲಸ ಬೇರೆ. ಅವರು ಮೆಣಸು, ಕಾಫಿ ಕೊಳ್ಳುವ ಸಾಹುಕಾರರೊಬ್ಬರ ಕಡೆಯಿಂದ ತೋಟಗಳಿಗೆ ಹೋಗಿ ಮಾತು ಕುದುರಿಸುತ್ತಿದ್ದರು. ಕೈಗೊಂದು ಫೋನು ಬರುವುದಕ್ಕೆ ಮುಂಚೆ ಬೆಳಗಿನ ಬೆಲೆ ಯಾರ ಮನೆಗೆ ಮೊದಲು ಮುಟ್ಟುವುದೋ ಅವರದೇ ವ್ಯಾಪಾರ. 2001ರಲ್ಲಿ ಹದಿನೆಂಟು ಸಾವಿರ ಕೊಟ್ಟು ಅವರು ಆರ್‌ಎಕ್ಸ್ ತಂದರು. ಹೀಗೆ ಒಂದೇ ಹಟ್ಟಿಯ ಒಂದೇ ಮಾಡಿನ ಕೆಳಗೆ ಎರಡು ಬಂಡಿಗಳೂ ನಿಂತುವು. ಅಂದಿನಿಂದ ಅಣ್ಣತಮ್ಮಂದಿರ ವಾದವೂ ಶುರುವಾಯಿತು.

ಯೆಜ್ಡಿಯನ್ನು ಕಾಣದವರಿಗೆ ಅದರ ಒಂದು ಚಮತ್ಕಾರವನ್ನು ಹೇಳಬೇಕು. ಅದಕ್ಕೆ ಸಿಲಿಂಡರು ಒಂದೇ, ಹೊಗೆಕೊಳವೆ ಮಾತ್ರ ಎರಡು, ಎರಡು ಪಕ್ಕಕ್ಕೂ ಸಮನಾಗಿ. ಗೇರು ಹಾಕುವ ಸನ್ನೆಯೇ ಒದೆಯುವ ಸನ್ನೆ. ಎಡಗಡೆಯ ಆ ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರು. ಬಂಡಿ ಚಾಲೂ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಗೊತ್ತಿಲ್ಲದವರು ಬಲಗಡೆ ಕಾಲು ಚಾಚಿ ಗಾಳಿಯನ್ನು ಒದೆಯುವುದನ್ನು ನಾನೇ ಕಂಡಿದ್ದೇನೆ. ಕದಿಯಲು ಬಂದವನೂ ಹೀಗೆಯೇ ಗಾಳಿ ಒದ್ದು ಹೋಗುತ್ತಾನೆಂದು ಅಪ್ಪನ ನಂಬಿಕೆ. ಅವರು ಬಂಡಿಗೆ ಬೀಗ ಹಾಕುವುದಿಲ್ಲ. ಆರ್‌ಎಕ್ಸಿನಲ್ಲಿ ಇಂಥ ಗುಟ್ಟು ಯಾವುದೂ ಇಲ್ಲ. ಬಲಗಾಲಿನ ಒಂದು ಒದೆತ, ಕೂಡಲೇ 'ರ್ರೀಂ'. ಹಗುರ ಎಷ್ಟೆಂದರೆ, ಮಳೆಗಾಲದಲ್ಲಿ ಹಳ್ಳಕ್ಕೆ ಹಾಕಿದ ಅಡಕೆ ಮರದ ಸಂಕದ ಮೇಲೆ ಚಿಕ್ಕಪ್ಪ ಅದನ್ನು ಕರುವಿನಂತೆ ನಡೆಸಿಕೊಂಡು ಹೋಗುತ್ತಿದ್ದರು. ಯೆಜ್ಡಿಯನ್ನು ಸಂಕದ ಮೇಲೆ ಹತ್ತಿಸಿದರೆ ಸಂಕವೂ ಯೆಜ್ಡಿಯೂ ಅಪ್ಪನೂ ಒಟ್ಟಿಗೆ ಹೇಮಾವತಿ ಸೇರಬೇಕಾದೀತು.

ನಾನು ಎಂಟನೆಯ ತರಗತಿಯಲ್ಲಿದ್ದಾಗ, ವಾದ ಕೇಳಿ ಕೇಳಿ ಬೇಸತ್ತ ಅಜ್ಜಿ, "ಓಡ್ಸಿ ನೋಡ್ರೋ, ಬಾಯಲ್ಲಿ ಯಾಕೆ ಓಡಿಸ್ತೀರಿ?" ಎಂದರು. ಒಂದು ಭಾನುವಾರ ಬೆಳಗ್ಗೆ ಪರೀಕ್ಷೆ ನಡೆಯಿತು. ಹೆದ್ದಾರಿಯಲ್ಲಿ ಚಿಕ್ಕಪ್ಪ ಮುಂದೆ ಹೋಗಿ ತಿರುವಿನಲ್ಲಿ ಮಾಯವಾದರು. ಅಪ್ಪ ತಲುಪುವ ವೇಳೆಗೆ ಅವರು ಟೀ ಕುಡಿದು ಲೋಟ ತೊಳೆದಿದ್ದರು. ವಾಪಸು ಬಂದು ಎರಡನೆಯ ಪರೀಕ್ಷೆ: ಹಿಂದೆ ಒಂದು ಕಾಫಿ ಮೂಟೆ, ತೋಟದ ಕಲ್ಲುದಾರಿ. ಆರ್‌ಎಕ್ಸ್ ಅರ್ಧ ಏರಿನಲ್ಲಿ ಕಿರುಚುತ್ತಾ ಮುಂದಿನ ಗಾಲಿಯನ್ನು ಮೇಲಕ್ಕೆತ್ತಿತು. ಮೂಟೆ ಕೆಳಗೆ, ಚಿಕ್ಕಪ್ಪ ಮೂಟೆಯ ಮೇಲೆ. ಯೆಜ್ಡಿ 'ಡುಗು ಡುಗು' ಎನ್ನುತ್ತಾ, ಅವಸರವಿಲ್ಲದ ಕೋಣದಂತೆ ಏರಿ ನಿಂತಿತು. ತೀರ್ಪು ಕೇಳಿದರೆ ಅಜ್ಜಿ, "ಇಬ್ಬರೂ ಗೆದ್ರಿ, ಗಂಜಿ ಕುಡೀರಿ" ಎಂದರು.

ಕಾಲೇಜಿಗೆ ಬಂದ ಮೇಲೆ ನಾನು ಇದಕ್ಕೆ ಲೆಕ್ಕ ಹಾಕಿದೆ. ಯೆಜ್ಡಿಯ ಎಂಜಿನು 248.5 ಸಿ.ಸಿ., ಶಕ್ತಿ ಸುಮಾರು 16 ಅಶ್ವಶಕ್ತಿ. ಆರ್‌ಎಕ್ಸಿನದು 98 ಸಿ.ಸಿ., ಶಕ್ತಿ 11. ಎಂದರೆ ಯೆಜ್ಡಿಯ ಎಂಜಿನು ಎರಡೂವರೆ ಪಾಲು ದೊಡ್ಡದು; ಶಕ್ತಿ ಮಾತ್ರ ಒಂದೂವರೆ ಪಾಲೂ ಇಲ್ಲ. ಲೀಟರಿನ ಲೆಕ್ಕಕ್ಕೆ ತಂದರೆ ಯೆಜ್ಡಿಗೆ 64, ಆರ್‌ಎಕ್ಸಿಗೆ 112. ಇದೇ ಲೆಕ್ಕದಲ್ಲಿ ಆ ಜಾಗ್ವಾರಿಗೆ 70, ಆ ಪೋರ್ಷೆಗೆ 65. ನ್ಯಾಯವಾಗಿ ಹೇಳಬೇಕಾದರೆ ಇದು ಸಮನಾದ ಹೋಲಿಕೆಯಲ್ಲ. ನಾಲ್ಕು ಹೊಡೆತದ ಎಂಜಿನಿನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ ಕೆಲಸ ಮಾಡಿದರೆ ಎರಡು ಹೊಡೆತದಲ್ಲಿ ಪ್ರತಿ ಸುತ್ತಿಗೂ ಮಾಡುತ್ತದೆ. ಅದರ ಬೆಲೆಯೂ ಉಂಟು: ಉರಿಯದ ಪೆಟ್ರೋಲು ಒಂದಿಷ್ಟು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಜೊತೆಗೆ ಎಣ್ಣೆಯೂ ಉರಿಯುತ್ತದೆ. ಇಷ್ಟು ವಿವರವನ್ನು ಚಿಕ್ಕಪ್ಪ ಕೇಳಿಸಿಕೊಳ್ಳಲಿಲ್ಲ. ತಮ್ಮ ಬಂಡಿ ಜಾಗ್ವಾರನ್ನು ಸೋಲಿಸಿತು ಎಂಬಷ್ಟನ್ನು ಮಾತ್ರ ಎತ್ತಿಕೊಂಡು ಟೀ ಅಂಗಡಿಯಲ್ಲಿ ಒಂದು ವಾರ ಮೆರೆದರು. ಅಪ್ಪನಿಗೆ ಇದು ತಲುಪಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಜಾಗ್ವಾರಲ್ಲಿ ಪಂಪ್‌ಸೆಟ್ ಹೊರಬೌದಾ?"

ಆ ಪ್ರಶ್ನೆಯಲ್ಲೂ ಲೆಕ್ಕವಿದೆ. ಆರ್‌ಎಕ್ಸಿನ ತೂಕ ನೂರು ಕಿಲೋ ಚಿಲ್ಲರೆ. ಯೆಜ್ಡಿ ಸುಮಾರು ನೂರನಲವತ್ತು. ಬರೀ ಬಂಡಿಯನ್ನೇ ತೆಗೆದುಕೊಂಡರೆ ಒಂದೊಂದು ಅಶ್ವಶಕ್ತಿಯ ಪಾಲಿಗೆ ಎರಡರಲ್ಲೂ ಒಂಬತ್ತು ಕಿಲೋ ಆಸುಪಾಸು; ಹೆಚ್ಚುಕಡಿಮೆ ಸಮ. ಆದರೆ ಮೇಲೆ ಒಬ್ಬ ಮನುಷ್ಯನನ್ನೂ ಒಂದು ಮೂಟೆಯನ್ನೂ ಹೇರಿದರೆ ಆರ್‌ಎಕ್ಸಿನ ಒಂದು ಅಶ್ವಶಕ್ತಿ ಇಪ್ಪತ್ತೊಂದು ಕಿಲೋ ಎಳೆಯಬೇಕು, ಯೆಜ್ಡಿಯದು ಹದಿನೇಳು. ಹೊರೆ ಹೆಚ್ಚಿದಷ್ಟೂ ಅಂತರ ಹೆಚ್ಚುತ್ತದೆ. ಇನ್ನೊಂದು ಮಾತು: ಆರ್‌ಎಕ್ಸ್ ತನ್ನ ಪೂರ್ತಿ ಶಕ್ತಿ ತೋರಿಸುವುದು ನಿಮಿಷಕ್ಕೆ 7500 ಸುತ್ತು ತಿರುಗಿದಾಗ, ಯೆಜ್ಡಿಗೆ ನಾಲ್ಕೂವರೆ ಸಾವಿರದ ಸುತ್ತಮುತ್ತ ಸಾಕು. ಬಯಲು ದಾರಿಯಲ್ಲಿ ಸುತ್ತು ಏರಿಸಿಕೊಳ್ಳಲು ಎಡೆ ಉಂಟು. ಕಲ್ಲುದಾರಿಯಲ್ಲಿ ಬಂಡಿ ನಿಧಾನಕ್ಕಿಳಿದಾಗಲೂ ಎಳೆಯಬೇಕು. ಅಲ್ಲಿ ತಡವಾಗಿ ಬರುವ ಶಕ್ತಿ ಕೆಲಸಕ್ಕೆ ಬಾರದು. ಅಜ್ಜಿ ಲೆಕ್ಕವಿಲ್ಲದೆ ಕೊಟ್ಟ ತೀರ್ಪೇ ನನ್ನ ಲೆಕ್ಕದಲ್ಲೂ ಬಂತು.

ಆದರೆ ನಾನು ಲೆಕ್ಕ ಹಾಕುವ ವೇಳೆಗೆ ಅಜ್ಜಿ ಇರಲಿಲ್ಲ. ಅವರು ಹೋದ ಮರುವರ್ಷ ಮನೆ ಪಾಲಾಯಿತು. ಒಂದೆಕರೆ ಗದ್ದೆ, ಚೂರುಪಾರು ಕಾಫಿ. ಹಂಚಲು ಕಷ್ಟವೇನೂ ಇರಲಿಲ್ಲ. ಕಷ್ಟವಾದದ್ದು ಹಳ್ಳದ ಬದಿಯ ಒಂದು ಪಂಪ್‌ಸೆಟ್ಟು. ಅದನ್ನು ಅಪ್ಪ ತಮ್ಮ ಕೈಯಾರೆ ಹೊಸ ಮಾಡಿದ್ದರು. ಚಿಕ್ಕಪ್ಪ ತಾವೇ ಇಟ್ಟುಕೊಂಡು ಅರ್ಧ ಬೆಲೆ ಕೊಡುತ್ತೇನೆಂದರು; ಕೊಡಲಾಗಲಿಲ್ಲ. ಅಪ್ಪ ಕೇಳಲಿಲ್ಲ. ಕೇಳದ ಸಾಲ ಕೇಳಿದ ಸಾಲಕ್ಕಿಂತ ಭಾರ ಎಂದು ತೋರುತ್ತದೆ. ಮೂರು ವರ್ಷ ಇಬ್ಬರೂ ಮಾತನಾಡಲಿಲ್ಲ. ಹಟ್ಟಿಯ ನಡುವೆ ಗೋಡೆ ಎದ್ದಿತು. ಬಂಡಿಗಳ ವಾದ ನಿಂತುಹೋಯಿತು. ಬೆಳಗ್ಗೆ ಗೋಡೆಯ ಈ ಕಡೆ 'ಡುಗು ಡುಗು', ಆ ಕಡೆ 'ರ್ರೀಂ'. ಒಬ್ಬರ ಶಬ್ದ ದೂರವಾದ ಮೇಲೆಯೇ ಇನ್ನೊಬ್ಬರು ಹೊರಡುವರು.

ಮೂರು ವರ್ಷದ ಹಿಂದೆ, ಮಾರ್ಚಿಯಲ್ಲಿ, ನನ್ನ ಎರಡನೆಯ ಪಿ.ಯು.ಸಿ. ಪರೀಕ್ಷೆ. ಕೇಂದ್ರ ಸಕಲೇಶಪುರದಲ್ಲಿ, ಹನ್ನೆರಡು ಕಿಲೋಮೀಟರು ಚಿಲ್ಲರೆ. ಅಂದು ಅರ್ಥಶಾಸ್ತ್ರ. ಹಿಂದಿನ ರಾತ್ರಿ ಹೂಮಳೆ ಸುರಿದು ಊರಿಗೆಲ್ಲ ಸಂತೋಷ. ಬಸ್ಸು ಒಂದು ತುಂಬಿ ಬಂದು ನಿಲ್ಲದೆ ಹೋಯಿತು. ಓಡಿ ಮನೆಗೆ ಬಂದೆ. ಅಪ್ಪ ಯೆಜ್ಡಿಯನ್ನು ಒದ್ದರು; ಏಳಲಿಲ್ಲ. ದೋಷ ಬಂಡಿಯದಲ್ಲ. ಪ್ಲಗ್ಗು ಬದಲಿಸಬೇಕೆಂದು ಒಂದು ತಿಂಗಳಿಂದ ಹೇಳುತ್ತಿದ್ದ ಅಪ್ಪ, ಊರಿನ ಪಂಪುಗಳನ್ನೆಲ್ಲ ರಿಪೇರಿ ಮಾಡುವ ಗಲಾಟೆಯಲ್ಲಿ ತಮ್ಮದನ್ನು ಮರೆತಿದ್ದರು. ಮೇಲಾಗಿ ಮಾಡು ಸೋರಿ ರಾತ್ರಿಯೆಲ್ಲ ಬಂಡಿ ನೆನೆದಿತ್ತು. ಪ್ಲಗ್ಗು ಬಿಚ್ಚಿ ಒರೆಸಿದರು, ಒದ್ದರು. ಮತ್ತೆ ಒರೆಸಿದರು, ಒದ್ದರು. ನಾನು ಎಣಿಸುತ್ತಿದ್ದೆ, ಇಪ್ಪತ್ತಮೂರು. ಅಪ್ಪನ ಕೈ ನಡುಗುವುದನ್ನು ನಾನು ಕಂಡದ್ದು ಅದೊಂದೇ ಸಲ. ಹತ್ತು ಗಂಟೆಗೆ ಇಪ್ಪತ್ತೈದು ನಿಮಿಷವಿತ್ತು.

ಗೋಡೆಯ ಆಚೆಗೆ 'ರ್ರೀಂ' ಎಂದಿತು. ಚಿಕ್ಕಪ್ಪ ನಮ್ಮ ಅಂಗಳಕ್ಕೆ ಬಂಡಿಯನ್ನು ತಂದು ನಿಲ್ಲಿಸಿದರು. ಅಪ್ಪನ ಮುಖ ನೋಡಲಿಲ್ಲ. ನನಗೆ, "ಹತ್ತವ್ವ" ಎಂದರು, ಅಷ್ಟೆ.

ಆ ದಾರಿಯನ್ನು ನಾನು ಮರೆಯಲಾರೆ. ಒದ್ದೆ ರಸ್ತೆ, ಮುಂದೆ ಲಾರಿಗಳ ಸಾಲು. ಚಿಕ್ಕಪ್ಪ ಎಷ್ಟು ವೇಗವಾಗಿ ಹೋಗಬಲ್ಲರೆಂದು ಊರಿಗೆಲ್ಲ ಗೊತ್ತು. ಅಂದು ಅವರು ಹಾಗೆ ಹೋಗಲಿಲ್ಲ. ಎಡೆ ಸಿಕ್ಕಾಗ ಮಾತ್ರ ಒಂದು ಸಲ ಕಿವಿ ಹಿಂಡಿದಂತೆ ಹಿಂಡಿ ಮುಂದಾಗುವರು, ಮತ್ತೆ ಶಾಂತವಾಗುವರು. ವೇಗವೆಂದರೆ ಓಡುವುದಲ್ಲ, ಬೇಕಾದ ಕ್ಷಣಕ್ಕೆ ಕೂಡಲೇ ಒದಗುವುದು ಎಂದು ನನಗೆ ಅಂದು ತಿಳಿಯಿತು. ಹತ್ತಕ್ಕೆ ಮೂರು ನಿಮಿಷವಿರುವಾಗ ನಾನು ಗೇಟಿನೊಳಗಿದ್ದೆ. ಪರೀಕ್ಷೆ ಮುಗಿಸಿ ಹೊರಗೆ ಬಂದರೆ ರಸ್ತೆಯ ಆ ಬದಿಯಲ್ಲಿ ಆರ್‌ಎಕ್ಸ್, ಈ ಬದಿಯಲ್ಲಿ ಯೆಜ್ಡಿ. ಅಪ್ಪ ಹೊಸ ಪ್ಲಗ್ಗು ಹಾಕಿಕೊಂಡು ಹಿಂದೆಯೇ ಬಂದಿದ್ದರು. ಮೂರು ಗಂಟೆ ಇಬ್ಬರೂ ಎದುರು ಬದುರು ನಿಂತಿದ್ದು, ಒಂದು ಮಾತೂ ಆಡಿರಲಿಲ್ಲ. ನಾನು ಯಾರ ಬಂಡಿ ಹತ್ತಲಿ? "ಬಸ್ಸಲ್ಲಿ ಬರ್ತೀನಿ" ಎಂದು ಹೇಳಿ ಬಸ್ಸಿನಲ್ಲಿ ಬಂದೆ. ಎರಡು ಬಂಡಿಗಳೂ ಬಸ್ಸಿನ ಹಿಂದೆ ಹಿಂದೆಯೇ ಊರಿನವರೆಗೂ ಬಂದುವು.

ಇನ್ನು ಈ ವರ್ಷದ ಮಾತು. ಎಂ.ಎ. ಓದಬೇಕು, ಮೈಸೂರಿನ ಮಾನಸಗಂಗೋತ್ರಿಗೆ ಹೋಗಬೇಕು ಎಂದು ನನ್ನ ಆಸೆ. ಹಾಸ್ಟೆಲು, ಊಟ, ಪುಸ್ತಕ ಎಂದು ಅಪ್ಪ ಬೆರಳು ಮಡಿಸಿ ಎಣಿಸಿ, ಒಂದು ರಾತ್ರಿ, "ಯೆಜ್ಡಿ ಕೊಟ್ಬಿಡ್ತೀನಿ" ಎಂದರು. ಈಗ ಹಳೆಯ ಎರಡು ಹೊಡೆತದ ಬಂಡಿಗಳಿಗೆ ಪಟ್ಟಣದಲ್ಲಿ ಬೇಡಿಕೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಆಚರಿಸುವವರಿದ್ದಾರೆ. ಜನವರಿಯಲ್ಲಿ ಬೆಂಗಳೂರಿನಿಂದ ಒಬ್ಬರು ಬಂದು ಯೆಜ್ಡಿಯನ್ನು ಸುತ್ತು ಹಾಕಿ ನೋಡಿದರು. ಅಪ್ಪ ಅವರಿಗೆ ಬಂಡಿಯ ಒಂದೊಂದು ದೋಷವನ್ನೂ ತಾವಾಗಿಯೇ ತೋರಿಸಿದರು. ಮಾರುವವರು ಹಾಗೆ ಮಾಡುವುದಿಲ್ಲ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಚಿಕ್ಕಪ್ಪನ ದನಿ: "ಅದನ್ನ ಬಿಡಿ ಸ್ವಾಮಿ, ಇದನ್ನ ನೋಡಿ."

ಆರ್‌ಎಕ್ಸ್ ಎಂಬತ್ತು ಸಾವಿರಕ್ಕೆ ಹೋಯಿತು. ಚಿಕ್ಕಪ್ಪ ತ್ಯಾಗ ಮಾಡಿದರೆಂದು ನಾನು ಬರೆದರೆ ಅವರೇ ಒಪ್ಪುವುದಿಲ್ಲ. ಫೋನು ಬಂದ ಮೇಲೆ ಬೆಲೆ ಹೊತ್ತು ಓಡುವವರ ಕೆಲಸ ಹೋಯಿತು. ಅವರಿಗೆ ಕೈಸಾಲವೂ ಇತ್ತು. ಅದನ್ನು ತೀರಿಸಿ, ಇಪ್ಪತ್ತೈದು ಸಾವಿರವನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ನಿಮ್ಮಪ್ಪಂಗೆ ಕೊಡು. ಪಂಪ್‌ಸೆಟ್ಟಿಂದು. ಲೆಕ್ಕ ಬರೆದುಕೊ" ಎಂದರು. ಬಂಡಿ ಲಾರಿ ಏರುವಾಗ ಅವರು ಅಲ್ಲಿರಲಿಲ್ಲ. ಹಳ್ಳದ ಕಡೆ ಹೋಗಿದ್ದರು. ಅಪ್ಪ ಅಲ್ಲಿದ್ದರು. ಹಗ್ಗ ಬಿಗಿಸುವ ಹುಡುಗನಿಗೆ, "ಟ್ಯಾಂಕಿಗೆ ಉಜ್ಜಬಾರದು, ಗೋಣಿ ಇಡಪ್ಪ" ಎಂದು ಎರಡು ಸಲ ಹೇಳಿದರು.

ಎರಡರಲ್ಲಿ ಯಾವುದು ಮೇಲು ಎಂದು ನೀವು ಕೇಳುವಿರಿ. ಲೆಕ್ಕವನ್ನು ಮೇಲೆ ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚು ನನಗೆ ತಿಳಿಯದು. ನನ್ನನ್ನು ಪರೀಕ್ಷೆಗೆ ಮುಟ್ಟಿಸಿದ್ದು ಒಂದು, ಅಲ್ಲಿಯವರೆಗೆ ಹದಿನೇಳು ವರ್ಷ ಹೊತ್ತದ್ದು ಇನ್ನೊಂದು.

ಈಗ ಪೇಟೆಗೆ ಹೋಗಬೇಕಾದಾಗ ಚಿಕ್ಕಪ್ಪ ಯೆಜ್ಡಿಯನ್ನು ಕೇಳಿ ಒಯ್ಯುತ್ತಾರೆ. ನೇರ ಕೇಳುವುದಿಲ್ಲ, ನನ್ನ ಮೂಲಕ ಕೇಳುತ್ತಾರೆ. ಇಪ್ಪತ್ತೈದು ವರ್ಷದ ಅಭ್ಯಾಸ. ಮೊದಲ ದಿನ ಬಲಗಾಲು ಚಾಚಿ ಗಾಳಿಯನ್ನೇ ಒದ್ದರು. ಆಮೇಲೆ ಎಡಗಡೆಯ ಸನ್ನೆ ಸಿಕ್ಕಿತು, ಬಂಡಿ ಏಳಲಿಲ್ಲ. ಹೊದಿಕೆ ಹೊದ್ದು ಜಗಲಿಯಲ್ಲಿ ಕುಳಿತಿದ್ದ ಅಪ್ಪ ಎರಡು ಒದೆತ ತಡೆದುಕೊಂಡರು, ಮೂರು ತಡೆದುಕೊಂಡರು. ನಾಲ್ಕನೆಯದಕ್ಕೆ ತಡೆಯಲಾಗಲಿಲ್ಲ.

"ಚೋಕು ಹಾಕ್ಲಾ" ಎಂದರು.

"ನಂಗೊತ್ತು ಸುಮ್ನಿರಣ್ಣ" ಎಂದರು ಚಿಕ್ಕಪ್ಪ. ಚೋಕು ಹಾಕಿ ಒದ್ದರು. ಬಂಡಿ ಎದ್ದಿತು. "ಇದೂ ಒಂದು ಬಂಡಿಯಾ!" ಎನ್ನುತ್ತಾ ಗೇಟು ದಾಟಿದರು. ಅಪ್ಪ ಜಗಲಿಯಿಂದಲೇ ಅದಕ್ಕೆ ತಕ್ಕ ಉತ್ತರ ಕೊಟ್ಟರು. ವಾದ ಮತ್ತೆ ಶುರುವಾಗಿದೆ.